ವಹಾಕಾದ ಒಲೆಗಳ ಮುಂದೆ

ತಾಯಿ ಅನ್ನಪೂರ್ಣೆ,

ಕಾಶಿಯಲ್ಲಿ ಶಿವನ ಪಾತ್ರೆಗೆ ಅನ್ನವಿಕ್ಕಿದವಳೇ, ಹೊರನಾಡಿನ ಮಲೆಯಲ್ಲಿ ಬಂದವರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ ಬಡಿಸುವವಳೇ, ಈ ಸಂಜೆ ನಾನು ನಿನ್ನನ್ನು ಕರೆಯುತ್ತಿರುವುದು ಬಲು ದೂರದ ಊರಿನಿಂದ. ಮೆಕ್ಸಿಕೊದ ದಕ್ಷಿಣದಲ್ಲಿ, ಮೂರು ಕಣಿವೆಗಳು ಬಂದು ಕೂಡುವಲ್ಲಿ, ವಹಾಕಾ ಎಂಬ ಹಳೆಯ ಪಟ್ಟಣವಿದೆ. ಕತ್ತಲಾಗುವ ಹೊತ್ತಿಗೆ ಇಲ್ಲಿಯ ಬೀದಿಗಳಲ್ಲಿ ಇದ್ದಿಲ ಒಲೆಗಳು ಹೊತ್ತಿಕೊಳ್ಳುತ್ತವೆ. ನಿನ್ನ ಹೆಸರು ಇಲ್ಲಿ ಕೇಳಿದವರಿಲ್ಲ. ಈ ಕಣಿವೆಯ ಸಾಪೊಟೆಕ್ ಜನ ಮೆಕ್ಕೆಜೋಳದ ದೇವರನ್ನು ಪಿತಾವೊ ಕೊಸೋಬಿ ಎಂದು ಪೂಜಿಸಿದರು, ಮಳೆಯ ದೇವರನ್ನು ಕೊಸೀಹೊ ಎಂದು ಕರೆದರು. ಆಮೇಲೆ ಸ್ಪೇನಿನವರು ಬಂದರು, ಶಿಲುಬೆ ಬಂತು, ಗುಡಿಗಳು ಹೋಗಿ ಇಗರ್ಜಿಗಳೆದ್ದವು. ಒಲೆ ಮಾತ್ರ ಇದ್ದಲ್ಲೇ ಉಳಿಯಿತು. ಹಸಿದವರಿಗಾಗಿ ಒಲೆಯ ಮುಂದೆ ಕೂತವರಲ್ಲಿ ನೀನಿರುತ್ತೀ ಎಂದು ನಂಬಿದವಳು ನಾನು. ಆ ನಂಬಿಕೆಯಿಂದಲೇ ಇಲ್ಲಿಯೂ ಕೈಮುಗಿಯುತ್ತೇನೆ. ಒಲೆಯಿಂದ ಒಲೆಗೆ ಹೋಗುವ ಈ ನಡಿಗೆಯಲ್ಲಿ ನನ್ನ ಕೈಗೆ ಬರುವ ಪ್ರತಿ ತುತ್ತೂ ಮೊದಲು ನಿನಗೆ. ತುತ್ತಿನ ಜೊತೆಗೆ ನನ್ನ ಬೇಡಿಕೆಗಳೂ ಇವೆ. ಕೇಳಿಸಿಕೋ.

ನಾವು ಕೆಲವೇ ಮಂದಿ ಇದ್ದೇವೆ, ಬೇರೆ ಬೇರೆ ದೇಶದವರು. ದುಡ್ಡು ಕೊಟ್ಟು ಈ ನಡಿಗೆಗೆ ಸೇರಿಕೊಂಡಿದ್ದೇವೆ. ನಮ್ಮನ್ನು ಕರೆದೊಯ್ಯುವ ತರುಣ ಕಣಿವೆಯ ಹಳ್ಳಿಯೊಂದರವನು. ಮನೆಯಲ್ಲಿ ಅಜ್ಜಿಯೊಡನೆ ಸಾಪೊಟೆಕ್, ಬೀದಿಯಲ್ಲಿ ಸ್ಪ್ಯಾನಿಷ್, ನಮ್ಮೊಡನೆ ಇಂಗ್ಲಿಷ್ ಆಡುತ್ತಾನೆ. ಹೊರಡುವಾಗ ಎರಡು ಮಾತು ಹೇಳಿದ. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪವೇ ತಿನ್ನಿ, ರಾತ್ರಿಯವರೆಗೆ ಹೊಟ್ಟೆಯಲ್ಲಿ ಜಾಗ ಬೇಕು ಎಂಬುದು ಒಂದು. ಯಾರ ಮುಖಕ್ಕಾದರೂ ಮೊಬೈಲು ಹಿಡಿಯುವ ಮುನ್ನ ಅವರನ್ನು ಕೇಳಿ, ಬೇಡವೆಂದರೆ ಜೇಬಿಗೆ ಹಾಕಿಕೊಳ್ಳಿ ಎಂಬುದು ಇನ್ನೊಂದು. ತಾಯೇ, ನನ್ನ ಮೊದಲ ಬೇಡಿಕೆ ಇಲ್ಲಿಂದಲೇ ಶುರುವಾಗಲಿ. ದುಡ್ಡು ಕೊಟ್ಟವಳೆಂಬ ಭಾವ ನನ್ನ ಕಣ್ಣಿಗೆ ಏರದಿರಲಿ. ನೋಡುವುದಕ್ಕೂ ಅಪ್ಪಣೆ ಬೇಕೆಂಬ ಸಂಕೋಚವನ್ನು ನನಗೆ ಕೊನೆಯವರೆಗೂ ಉಳಿಸು.

ಸ್ಪೇನಿನ ದೊರೆ 1532ರಲ್ಲಿ ನಗರದ ಪಟ್ಟ ಕೊಟ್ಟ ಊರು ಇದು. ಅದಕ್ಕೂ ಎರಡು ಸಾವಿರ ವರ್ಷ ಮೊದಲೇ ಸಾಪೊಟೆಕರು ಪಕ್ಕದ ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡಿ ಮೊಂಟೆ ಆಲ್ಬಾನ್ ಎಂಬ ರಾಜಧಾನಿಯನ್ನು ಕಟ್ಟಿದ್ದರು. ಬೆಟ್ಟದ ಮೇಲಿನ ಆ ಹಾಳು ಪಟ್ಟಣ, ಕೆಳಗಿನ ಈ ಬಾಳುವ ಪಟ್ಟಣ, ಎರಡೂ 1987ರಲ್ಲಿ ಒಟ್ಟಿಗೇ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮತ್ತೆ ಮತ್ತೆ ನಡುಗುವ ನೆಲವಾದ್ದರಿಂದ ಮನೆಗಳು ತಗ್ಗು, ಗೋಡೆಗಳು ದಪ್ಪ. ಇಗರ್ಜಿಗಳ ಕಲ್ಲಿಗೆ ತಿಳಿಹಸಿರು ಛಾಯೆ. ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯೂ 2010ರಲ್ಲಿ ಯುನೆಸ್ಕೊದ ಇನ್ನೊಂದು ಪಟ್ಟಿಗೆ ಸೇರಿದೆ. ಕಲ್ಲಿನ ಕಟ್ಟಡವನ್ನು ಸರ್ಕಾರ ಕಾಪಾಡಬಹುದು. ಅಡುಗೆಯನ್ನು ದಿನಾ ಬೆಳಗ್ಗೆ ಯಾರಾದರೂ ಎದ್ದು ಮತ್ತೆ ಮಾಡಿದರಷ್ಟೇ ಅದು ಉಳಿಯುವುದು. ಹಾಗೆ ಏಳುವವರನ್ನು ನೋಡಲೆಂದೇ ಬಂದಿದ್ದೇನೆ.

ಮೊದಲ ನೈವೇದ್ಯ ಬೆನಿತೊ ಹ್ವಾರೆಸ್ ಮಾರುಕಟ್ಟೆಯ ಬಾಗಿಲಲ್ಲಿ. ಒಬ್ಬಾಕೆ ಅಗಲಬಾಯಿಯ ದೊಡ್ಡ ಮಣ್ಣಿನ ಬೋಗುಣಿಯ ಮುಂದೆ ಕೂತಿದ್ದಾಳೆ. ಒಳಗೆ ತಿಳಿಗಂದು ದ್ರವ, ಅದರ ಮೇಲೆ ಬೆರಳುದ್ದ ದಪ್ಪಕ್ಕೆ ನಿಂತ ಬಿಳಿ ನೊರೆ. ಇದಕ್ಕೆ ತೆಹಾತೆ ಎನ್ನುತ್ತಾರೆ. ಊರಿಗೆ ಹತ್ತಿರದ ಸಾನ್ ಆಂದ್ರೆಸ್ ವಯಾಪಾಮ್ ಹಳ್ಳಿಯ ಹೆಂಗಸರು ಇದಕ್ಕೆ ಹೆಸರಾದವರು. ಬೂದಿ ಹಾಕಿ ಬೇಯಿಸಿದ ಮೆಕ್ಕೆಜೋಳ, ಹುರಿದ ಕೋಕೊ ಬೀಜ, ಮಮೇ ಎಂಬ ಹಣ್ಣಿನ ಬೀಜದ ತಿರುಳು, ಘಮಘಮಿಸುವ ಒಂದು ಒಣಹೂವು, ಇವಿಷ್ಟನ್ನೂ ನುಣ್ಣಗೆ ಅರೆದು ಬೋಗುಣಿಗೆ ಹಾಕಿಕೊಳ್ಳುತ್ತಾರೆ. ಆಮೇಲಿನ ಕೆಲಸವೆಲ್ಲ ತೋಳಿನದು. ಮೊಳಕೈವರೆಗೆ ಕೈ ಮುಳುಗಿಸಿ ಹಿಟ್ಟನ್ನು ನಾದಬೇಕು, ನಾದುತ್ತ ಸ್ವಲ್ಪ ಸ್ವಲ್ಪ ನೀರು ಸೇರಿಸಬೇಕು, ಕೊನೆಗೆ ಎತ್ತರದಿಂದ ತಣ್ಣೀರು ಸುರಿಯಬೇಕು. ಆಗ ಬೀಜಗಳ ಜಿಡ್ಡು ಬಿಟ್ಟುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಆಕೆ ಒಳಗೆ ಕೆಂಪು ಬಣ್ಣ ಬಳಿದು ಹೂ ಬರೆದ ಬುರುಡೆ ಬಟ್ಟಲಿಗೆ ಮೊದಲು ದ್ರವ ತುಂಬಿ, ಮೇಲೆ ನೊರೆಯನ್ನು ಬೇರೆಯಾಗಿ ಎತ್ತಿ ಹಾಕಿ ಕೊಟ್ಟಳು. ಅವಳ ತೋಳಿನ ಮೇಲೆ, ಮೊಳಕೈಗಿಂತ ತುಸು ಮೇಲೆ, ಹಿಟ್ಟು ಒಣಗಿ ನಿಂತ ಒಂದು ಗೆರೆಯಿತ್ತು. ಬೆಳಗ್ಗೆ ಎಲ್ಲಿಯವರೆಗೆ ಕೈ ಮುಳುಗಿತ್ತೆಂದು ಆ ಗೆರೆ ಸಂಜೆಯವರೆಗೂ ಹೇಳುತ್ತಿತ್ತು.

ತಾಯೇ, ಈ ನೊರೆ ನಿನಗೆ. ಆ ತೋಳಿಗೆ ನೋವು ಬಾರದಿರಲಿ. ಬಂದರೆ ಆರೈಕೆ ಮಾಡುವವರು ಇರಲಿ. ತಣ್ಣಗೆ ಕುಡಿದು ಬಟ್ಟಲು ಹಿಂದಿರುಗಿಸುವ ನಾನು, ಅದರ ಬೆಲೆ ಇಷ್ಟೇ ಎಂದು ಅಂದುಕೊಳ್ಳದಿರುವಂತೆ ನೋಡಿಕೋ.

ಎರಡನೆಯದು ಮೆಮೆಲಾ. ಅಂಗೈಗಿಂತ ಉದ್ದದ ದಪ್ಪ ರೊಟ್ಟಿ, ಅಂಚನ್ನು ಚಿವುಟಿ ಎಬ್ಬಿಸಿದ್ದು. ಮೇಲೆ ಕರಿ ಬೀನ್ಸಿನ ಗೊಜ್ಜು, ಪುಡಿ ಮಾಡಿದ ಗಿಣ್ಣು, ಅಂದರೆ ಚೀಸು. ಹಂದಿಯ ಕೊಬ್ಬು ಸವರುವುದು ಇಲ್ಲಿಯ ರೂಢಿ. ನನಗೆ ಅದು ಬೇಡವೆಂದು ತರುಣ ಹೇಳಿದ. ಒಲೆಯ ಮುಂದಿದ್ದಾಕೆ ತಲೆಯಾಡಿಸಿ ಬೇರೆ ಚಮಚ ತೆಗೆದುಕೊಂಡಳು. ಕೇಳದೆಯೇ ಚಮಚ ಬದಲಿಸಿದ ಆ ಕೈಗೆ ನನ್ನ ನಮಸ್ಕಾರ ಸಲ್ಲಲಿ. ರೊಟ್ಟಿ ಬೇಯುವುದು ಕೋಮಾಲ್ ಎಂಬ ಮಣ್ಣಿನ ಹೆಂಚಿನ ಮೇಲೆ. ಹೆಂಚಿನ ಮೈ ಬೆಳ್ಳಗಿತ್ತು. ಏಕೆಂದು ಕೇಳಿದೆ. ಹಿಟ್ಟು ಹಿಡಿಯದಿರಲೆಂದು ಸುಣ್ಣದ ನೀರು ಬಳಿಯುತ್ತಾರಂತೆ. ಹಿಟ್ಟಿನೊಳಗೂ ಸುಣ್ಣವೇ. ಹಿಂದಿನ ಸಂಜೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಗ್ಗೆ ಸಿಪ್ಪೆ ಜಾರುವಂತೆ ಉಜ್ಜಿ ತೊಳೆದು, ಬಕೆಟ್ಟಿನಲ್ಲಿ ಹೊತ್ತು ಓಣಿಯ ಗಿರಣಿಗೆ ಒಯ್ಯುತ್ತಾರೆ. ಹಾಗೆ ಸಿದ್ಧವಾದ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು. ಅದರಿಂದ ಬಂದ ಹಿಟ್ಟು ಅಂಟುತ್ತದೆ, ತಟ್ಟಿದರೆ ಹರಿಯದೆ ನಿಲ್ಲುತ್ತದೆ. ಬರೀ ಒಣ ಕಾಳಿನ ಹಿಟ್ಟಿಗೆ ಆ ಹಿಡಿತ ಬರುವುದಿಲ್ಲ.

ಆ ಸುಣ್ಣದ ಮುಂದೆ ನಾನು ನಿಂತುಬಿಟ್ಟೆ, ತಾಯೇ. ಈ ಊರಿನಿಂದ ಹೆಚ್ಚು ದೂರವಿಲ್ಲದ ಮಿತ್ಲಾದ ಬಳಿ ಗಿಲಾ ನಕಿಟ್ಸ್ ಎಂಬ ಗುಹೆಯಿದೆ. 1960ರ ದಶಕದಲ್ಲಿ ಕೆಂಟ್ ಫ್ಲ್ಯಾನರಿ ಅಲ್ಲಿ ಅಗೆದಾಗ ಸುಮಾರು 10,000 ವರ್ಷ ಹಳೆಯ ಕುಂಬಳದ ಬೀಜಗಳು, ಸುಮಾರು 6,250 ವರ್ಷ ಹಳೆಯ ಮೆಕ್ಕೆಜೋಳದ ಪುಟ್ಟ ದಿಂಡುಗಳು ಸಿಕ್ಕವು. ತಿಯೊಸಿಂಟೆ ಎಂಬ ಕಾಡು ಹುಲ್ಲನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ ಇದೇ ದೇಶದ ಜನ ತೆನೆಯಾಗಿಸಿದ್ದರು. ತೆನೆಯ ಜೊತೆಗೆ ಅದನ್ನು ಉಣ್ಣುವ ವಿದ್ಯೆಯನ್ನೂ ಬೆಳೆಸಿದರು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಬಿಗಿದುಕೊಂಡಿರುತ್ತದೆ, ಮೈಗೆ ದಕ್ಕುವುದಿಲ್ಲ. ಸುಣ್ಣ ಆ ಬಿಗಿಯನ್ನು ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಮ್ಮನ್ನೂ ಕೊಡುತ್ತದೆ. ಪ್ರಯೋಗಶಾಲೆ ಹುಟ್ಟುವ ಎಷ್ಟೋ ಶತಮಾನ ಮೊದಲೇ ಹೆಂಗಸರ ಕೈ ಇದನ್ನು ಕಂಡುಕೊಂಡಿತ್ತು.

ಹಡಗು ಹತ್ತಿ ಕಾಳು ಯುರೋಪಿಗೆ ಹೋಯಿತು. ಸುಣ್ಣ ಹೋಗಲಿಲ್ಲ. ಕಾಳು ಒಯ್ದವರು ಅದನ್ನು ಬೇಯಿಸುತ್ತಿದ್ದವರನ್ನು ಒಂದು ಮಾತು ಕೇಳಲಿಲ್ಲ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರಲ್ಲಿ ಒಂದು ರೋಗ ಕಂಡ. ಚರ್ಮ ಕಂದಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಉತ್ತರ ಇಟಲಿಯ ಹಳ್ಳಿಗಳಲ್ಲಿ ಅದು ಪೆಲಾಗ್ರ ಎಂಬ ಹೆಸರಿನಿಂದ ಮನೆಮನೆ ಹೊಕ್ಕಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾವಿರಾರು ಬಡವರನ್ನು ಕೊಂದಿತು. ಅದು ಅಂಟುರೋಗವೆಂದೇ ಬಹುಮಂದಿ ನಂಬಿದ್ದಾಗ, ಊಟದ ಕೊರತೆಯೆಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ವರ್ಷಗಟ್ಟಲೆ ದುಡಿದು ತೋರಿಸಿದ. ಆ ಕೊರತೆ ನಯಾಸಿನ್ನಿನದೆಂದು ಸ್ಪಷ್ಟವಾಗಲು 1937 ಬರಬೇಕಾಯಿತು. ಅಷ್ಟೂ ಕಾಲ ಈ ಕಣಿವೆಯ ಮಕ್ಕಳು ಅದೇ ಕಾಳನ್ನು ಮೂರು ಹೊತ್ತು ತಿಂದು ಗಟ್ಟಿಯಾಗಿದ್ದರು.

ಈ ಸಂಜೆ ನಾನು ನಿನ್ನಲ್ಲಿ ಬೇಡುವುದರ ತಿರುಳೆಲ್ಲ ಇಷ್ಟರಲ್ಲೇ ಇದೆ, ಅನ್ನಪೂರ್ಣೆ. ಪರದೇಶದಿಂದ ಬಂದವರು ಕಾಳನ್ನು ಕಂಡೆವು, ಸುಣ್ಣವನ್ನು ಕಾಣಲಿಲ್ಲ ಎಂದಾಗದಿರಲಿ. ರುಚಿಯನ್ನು ಒಯ್ಯುವವರು ಅದರ ವಿದ್ಯೆಗೆ ತಲೆಬಾಗಿ ಒಯ್ಯಲಿ. ವಿದ್ಯೆ ಇಟ್ಟುಕೊಂಡವರನ್ನು ಕೇಳಿ ಒಯ್ಯಲಿ.

ಮುಂದಿನ ಓಣಿ ಇಪ್ಪತ್ತನೇ ನವೆಂಬರ್ ಮಾರುಕಟ್ಟೆಯೊಳಗಿನದು. ಹೊಗೆಯ ಓಣಿಯೆಂದೇ ಅದಕ್ಕೆ ಹೆಸರು. ಎರಡೂ ಬದಿ ಮಾಂಸದ ಅಂಗಡಿಗಳು. ತೆಳ್ಳಗೆ ಹಾಳೆ ಮಾಡಿ ಉಪ್ಪು ಹಚ್ಚಿದ ದನದ ಮಾಂಸ, ಮೆಣಸಿನಕಾಯಿ ಸವರಿದ ಹಂದಿಯ ಮಾಂಸ ತೂಗುತ್ತಿರುತ್ತವೆ. ಆರಿಸಿಕೊಂಡದ್ದನ್ನು ಅಲ್ಲೇ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಹೊಗೆಗೆ ಕಣ್ಣು ಉರಿಯಿತು. ನಾನು ಮಾಂಸ ತಿನ್ನದ ಮನೆಯಲ್ಲಿ ಬೆಳೆದವಳು, ಇಲ್ಲಿಯೂ ತಿನ್ನಲಿಲ್ಲ. ಜೊತೆಯವರು ಒಂದು ಮೇಜಿನ ಸುತ್ತ ಕೂತು ಒಂದೇ ತಟ್ಟೆಯಿಂದ ಹಂಚಿಕೊಂಡರು. ನನಗೆ ಸುಟ್ಟ ಈರುಳ್ಳಿ, ಸುಟ್ಟ ಮೆಣಸಿನಕಾಯಿ, ನಿಂಬೆ, ಬಿಸಿ ರೊಟ್ಟಿ ಬಂತು. ಪಕ್ಕದಲ್ಲಿ ಹಾದುಹೋದ ಅಪರಿಚಿತ ಮುದುಕ ನಮ್ಮನ್ನು ನೋಡಿ 'ಪ್ರೊವೆಚೊ' ಎಂದು ಹರಸಿ ಹೋದ. ಉಣ್ಣುವವರ ಬಳಿ ಹಾಯುವವರೆಲ್ಲ ಇಲ್ಲಿ ಹಾಗೆ ಹರಸಿ ಹೋಗುತ್ತಾರೆ, ಯಾರ ತಟ್ಟೆಯಲ್ಲಿ ಏನಿದೆಯೆಂದು ನೋಡುವುದಿಲ್ಲ.

ಮಾರುಕಟ್ಟೆಯ ಹೊರಗೆ ಬುಟ್ಟಿಗಳಲ್ಲಿ ಚಾಪುಲಿನೆಸ್ ರಾಶಿ ಹಾಕಿದ್ದರು. ಮಳೆಗಾಲದಲ್ಲಿ ಹೊಲಗಳಲ್ಲಿ ಹಿಡಿದ ಮಿಡತೆಗಳು. ತೊಳೆದು, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಹಾಕಿ ಹೆಂಚಿನ ಮೇಲೆ ಗರಿಗರಿಯಾಗಿ ಹುರಿದವು. ಜೊತೆಯವರಲ್ಲಿ ಒಬ್ಬರು ಮುಖ ಕಿವುಚಿದರು. ಬುಟ್ಟಿಯ ಹಿಂದಿದ್ದಾಕೆ ಅದನ್ನು ನೋಡಿದಳು, ನೋಡದವಳ ಹಾಗೆ ಅಳತೆಯ ಬಟ್ಟಲನ್ನು ಸರಿಪಡಿಸಿಕೊಂಡಳು. ತಾಯೇ, ಮೊದಲ ಮಳೆಗೆ ಮೇಲೆದ್ದ ಈಸಲು ಹುಳಗಳನ್ನು ಹುರಿದು ತಿನ್ನುವವರು ನನ್ನ ನಾಡಿನಲ್ಲೂ ಇದ್ದಾರೆ. ಚಗಳಿ ಇರುವೆಯ ಚಟ್ನಿ ಅರೆಯುವ ಮನೆಗಳು ನಮ್ಮ ಮಲೆಸೀಮೆಯಲ್ಲೂ ಇವೆ. ಅವರ ಎದುರು ನಾವು ಕಿವುಚಿದ ಮುಖಗಳ ಲೆಕ್ಕ ನಿನ್ನ ಬಳಿ ಇದೆ. ನಾನು ತಿನ್ನದಿರುವುದು ನನ್ನ ನಡೆಯಾಗಿರಲಿ, ಇನ್ನೊಬ್ಬರ ತಟ್ಟೆಯ ಮೇಲಿನ ತೀರ್ಪಾಗದಿರಲಿ. ಯಾವ ಹೆಂಗಸೂ ತನ್ನ ಬುಟ್ಟಿಯ ಹಿಂದೆ ಕೂತು ನಾಚುವ ಹಾಗೆ ಯಾವ ಗಿರಾಕಿಯೂ ಮಾಡದಿರಲಿ.

ಊರ ನಡುವಿನ ಚೌಕದಲ್ಲಿ ದೀಪ ಹೊತ್ತಿದವು. ದೊಡ್ಡ ಮರಗಳ ಕೆಳಗೆ ಮಕ್ಕಳು ಬಲೂನು ಹಿಡಿದು ಓಡುತ್ತಿದ್ದರು, ವಾದ್ಯ ನುಡಿಸುವವರು ಸ್ವರ ಸರಿಮಾಡಿಕೊಳ್ಳುತ್ತಿದ್ದರು. ಗಾಡಿಯವನೊಬ್ಬ ಬೇಯಿಸಿದ ತೆನೆಗೆ ನಿಂಬೆ, ಖಾರದ ಪುಡಿ ಹಚ್ಚಿ ಕೊಡುತ್ತಿದ್ದ. ಅದನ್ನು ಕಡಿಯುತ್ತ ಪಡುವಣಕ್ಕೆ ನಡೆದು ಸೊಲೆದಾದ್ ಮಾತೆಯ ಬಸಿಲಿಕಾಕ್ಕೆ ಬಂದೆವು. ಈ ಊರನ್ನು ಕಾಯುವವಳು ಅವಳು. ಕಪ್ಪು ಮಖಮಲ್ಲು ಉಟ್ಟು, ಮಗನನ್ನು ಕಳೆದುಕೊಂಡು ಒಂಟಿಯಾಗಿ ನಿಂತ ತಾಯಿ. ಅವಳ ಗುಡಿಯ ಪಕ್ಕದ ಅಂಗಳದಲ್ಲಿ ಹಿಮದ ತಿನಿಸು ಮಾರುವ ಅಂಗಡಿಗಳ ಸಾಲಿದೆ. ಬೇಕೆಂದೇ ತಳ ಹತ್ತಿಸಿದ ಹಾಲಿನದೊಂದು, ಕೆಂಪು ಕಳ್ಳಿಹಣ್ಣಿನದೊಂದು, ಎರಡನ್ನೂ ಒಂದೇ ಬಟ್ಟಲಲ್ಲಿ ಹಾಕಿ ಕೊಡುವುದು ಇಲ್ಲಿಯ ವಾಡಿಕೆ. ಹತ್ತಿದ ಹಾಲಿನ ಹೊಗೆವಾಸನೆ ಮೊದಲು ಬರುತ್ತದೆ, ಹಿಂದೆಯೇ ಕಳ್ಳಿಹಣ್ಣಿನ ತಂಪು ಬಂದು ಅದನ್ನು ತೊಳೆಯುತ್ತದೆ.

ಈ ಕಳ್ಳಿಯ ಜಾತಿ ನನಗೆ ಹೊಸದೇನಲ್ಲ, ತಾಯೇ. ನಮ್ಮ ಬೇಲಿಗಳಲ್ಲಿ ಪಾಪಾಸುಕಳ್ಳಿ ಎಂದು ಕರೆಸಿಕೊಳ್ಳುವುದು ಇದರ ಬಳಗವೇ. ವಹಾಕಾದವರು ಕಳ್ಳಿಯ ಎಲೆಯಂಥ ಕಾಂಡಗಳ ಮೇಲೆ ಕೊಚಿನೀಲ್ ಎಂಬ ಪುಟ್ಟ ಹುಳವನ್ನು ಸಾಕುತ್ತಿದ್ದರು. ಒಣಗಿಸಿ ಅರೆದರೆ ಕಡುಗೆಂಪು ಬಣ್ಣ. ಸ್ಪೇನಿನ ಆಳ್ವಿಕೆಯಲ್ಲಿ ಬೆಳ್ಳಿಯನ್ನು ಬಿಟ್ಟರೆ ಮೆಕ್ಸಿಕೊದಿಂದ ಹಡಗು ಹತ್ತುತ್ತಿದ್ದ ಅತ್ಯಂತ ಬೆಲೆಬಾಳುವ ಸರಕು ಅದೇ. ಈ ಊರಿನ ಇಗರ್ಜಿಗಳಿಗೆ ಕಳೆ ತಂದ ಸಿರಿಯಲ್ಲಿ ಆ ಹುಳದ ಪಾಲು ದೊಡ್ಡದು. ಬ್ರಿಟಿಷರಿಗೂ ಆ ಬಣ್ಣದ ಆಸೆ ಹುಟ್ಟಿತು. 1795ರಲ್ಲಿ ಬ್ರೆಜಿಲ್ಲಿನಿಂದ ಬಂಗಾಳಕ್ಕೆ ಹುಳ ತರಿಸಿದರು. ಬಂದದ್ದು ಬೇರೆ ಜಾತಿಯದು. ಅದು ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನೇ ತಿಂದು ಮುಗಿಸಿತು. ಇಲ್ಲಿಯ ರೈತರು ಸೌಮ್ಯವಾದ ಹುಳವನ್ನು ಆರಿಸಿ, ಮಳೆಗೆ, ಚಳಿಗೆ ಮುಚ್ಚಿ, ಕೈಯಿಂದ ಕಳ್ಳಿಗೆ ಹತ್ತಿಸಿ ತಲೆಮಾರುಗಟ್ಟಲೆ ಸಾಕಿದ್ದರು. ಆ ಸಾಕುವಿಕೆಯನ್ನು ಹಡಗಿಗೆ ತುಂಬಲು ಬರುವುದಿಲ್ಲ. ಮತ್ತೊಮ್ಮೆ ಅದೇ ಪಾಠ. ಈ ತಂಪು ನಿನಗೆ, ಮತ್ತು ಸೊಲೆದಾದ್ ಮಾತೆಗೆ. ಕೆಂಪನ್ನು ಕಂಡು ಬೆರಗಾಗುವ ನಮಗೆ, ಕೆಂಪನ್ನು ಸಾಕಿದವರ ತಾಳ್ಮೆಯೂ ಕಾಣುವಂತೆ ಮಾಡು.

ಬಸಿಲಿಕಾದಿಂದ ಬಡಗಣಕ್ಕೆ ತಿರುಗಿದ ಮೇಲೆ ಬೀದಿಯ ಮೂಲೆಯೊಂದರಲ್ಲಿ ಬಟ್ಟೆ ಸುತ್ತಿದ ಹಬೆಪಾತ್ರೆ ಇಟ್ಟುಕೊಂಡು ಅಜ್ಜಿಯೊಬ್ಬರು ನಿಂತಿದ್ದರು. ಬಾಳೆಲೆಯಲ್ಲಿ ಚೌಕವಾಗಿ ಮಡಿಸಿದ ತಮಾಲ್. ಒಳಗೆ ಮೆಕ್ಕೆಜೋಳದ ಮೆತ್ತನೆಯ ಹಿಟ್ಟು, ಅದರೊಳಗೆ ಮೋಲೆ ನೆಗ್ರೊ ಎಂಬ ಕಪ್ಪು ಗೊಜ್ಜು. ಮಾಂಸವಿಲ್ಲದ್ದೂ ಇದೆಯೆಂದು ತಿಳಿದು, ಅದಕ್ಕೆ ಏನು ಸುತ್ತಿದ್ದಾರೆಂದು ಕೇಳಿದೆ. ಮೆಣಸಿನ ಎಲೆಯ ವಾಸನೆಯುಳ್ಳ ಒಂದು ಸೊಪ್ಪಿನಲ್ಲಿ ಕರಿ ಬೀನ್ಸನ್ನು ಮಡಿಸಿಟ್ಟದ್ದು ನನ್ನ ಪಾಲಿಗೆ ಬಂತು. ಮೋಲೆಯ ಕಪ್ಪು ಬರುವುದು ಚಿಲ್ವಾಕ್ಲೆ ಎಂಬ ಇಲ್ಲಿಯದೇ ಮೆಣಸಿನಕಾಯಿಯನ್ನು ಕರಿಯಾಗುವಂತೆ ಹುರಿದು. ಎಳ್ಳು, ಬಾದಾಮಿ, ಒಣದ್ರಾಕ್ಷಿ, ಲವಂಗ, ದಾಲ್ಚಿನ್ನಿ, ಚಾಕೊಲೇಟು ಎಲ್ಲ ಸೇರಿ ಅರೆಯುವುದಕ್ಕೇ ಒಂದು ಹಬ್ಬದ ತಯಾರಿ ಬೇಕು.

ಎಲೆ ಬಿಚ್ಚಿದಾಗ ಎದ್ದ ಹಬೆಯ ಘಮ ನನ್ನ ಊರಿನ ಕಡುಬಿನದೇ ಆಗಿತ್ತು. ಬಾಳೆ ಇಲ್ಲಿಯದಲ್ಲ, ತಾಯೇ, ನಮ್ಮ ಕಡೆಯ ಖಂಡದಿಂದ ಬಂದದ್ದು. ಲವಂಗ, ದಾಲ್ಚಿನ್ನಿಯೂ ಅಷ್ಟೆ. ಮೆಣಸಿನಕಾಯಿ ಇಲ್ಲಿಯದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿದು, ಘಟ್ಟ ಹತ್ತಿ, ಬ್ಯಾಡಗಿಯ ಮಣ್ಣಿನಲ್ಲಿ ಬೇರೆಯದೇ ಕೆಂಪು, ಬೇರೆಯದೇ ಸುಕ್ಕು ಪಡೆಯಿತು. ಸಪೋಟಾ ಇಲ್ಲಿಯದು, ಸೀಬೆ, ಪಪ್ಪಾಯಿ ಈ ಖಂಡದವು. ದಾವಣಗೆರೆ, ಹಾವೇರಿಯ ಹೊಲಗಳನ್ನು ತುಂಬಿದ ಮೆಕ್ಕೆಜೋಳ ಇಲ್ಲಿಯದು. ನಮ್ಮಲ್ಲಿ ಅದರ ಬಹುಪಾಲು ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ವರ್ಷ ವರ್ಷವೂ ಬೀಜ ಕೊಂಡೇ ಬಿತ್ತಬೇಕು. ಇಲ್ಲಿಯ ಹಳ್ಳಿಗಳಲ್ಲಿ ಮೆಕ್ಕೆಜೋಳ, ಬೀನ್ಸು, ಕುಂಬಳ ಒಂದೇ ಹೊಲದಲ್ಲಿ ಬೆಳೆಯುತ್ತವೆ. ಕಾಂಡಕ್ಕೆ ಬೀನ್ಸಿನ ಬಳ್ಳಿ ಹಬ್ಬುತ್ತದೆ, ನೆಲಕ್ಕೆ ಕುಂಬಳದ ಎಲೆ ನೆರಳಾಗುತ್ತದೆ. ನಮ್ಮ ಅಜ್ಜಂದಿರು ಅಕ್ಕಡಿ ಸಾಲು ಹಾಕುತ್ತಿದ್ದುದೂ ಇಂಥ ತಿಳಿವಿನಿಂದಲೇ. ಒಳ್ಳೆಯ ತೆನೆಯನ್ನು ಮುಂದಿನ ಮಳೆಗೆಂದು ಅಟ್ಟದಲ್ಲಿ ತೆಗೆದಿಡುವ ಮನೆಗಳು ಇಲ್ಲಿ ಇನ್ನೂ ಇವೆ. ಬಿಳಿ, ಹಳದಿ, ಕೆಂಪು, ನೀಲಿ ಕಾಳುಗಳು ಹಾಗೆಯೇ ಉಳಿದುಬಂದವು.

ಅವಕ್ಕೂ ಕುತ್ತು ಬಂದದ್ದು ನಿನಗೆ ಗೊತ್ತು. ಈ ಊರಿನ ಬಡಗಣ ಬೆಟ್ಟಸೀಮೆಯ ನಾಟಿ ಮೆಕ್ಕೆಜೋಳದಲ್ಲಿ ಕುಲಾಂತರಿ ಬೆಳೆಯ ಅಂಶ ಕಂಡಿದೆಯೆಂದು 2001ರಲ್ಲಿ ವಿಜ್ಞಾನಿಗಳಾದ ಡೇವಿಡ್ ಕ್ವಿಸ್ಟ್ ಮತ್ತು ಇಗ್ನಾಸಿಯೊ ಚಪೇಲಾ ಬರೆದರು. ಅದರ ಮೇಲೆ ದೊಡ್ಡ ವಾದವೇ ನಡೆಯಿತು. ರೈತರು, ಅಡುಗೆಯವರು, ವಿಜ್ಞಾನಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, ಕುಲಾಂತರಿ ಮೆಕ್ಕೆಜೋಳ ಬಿತ್ತಬಾರದೆಂಬ ಮಾತು 2025ರಲ್ಲಿ ಮೆಕ್ಸಿಕೊದ ಸಂವಿಧಾನಕ್ಕೇ ಸೇರಿತು. ಬಾಳೆಲೆಯ ಈ ನೈವೇದ್ಯವನ್ನು ಎರಡು ಖಂಡಗಳ ಪರವಾಗಿ ಅರ್ಪಿಸುತ್ತೇನೆ. ಇಲ್ಲಿ ಅಟ್ಟದ ಮೇಲಿನ ತೆನೆ ಕಾಪಾಡು. ನನ್ನ ನಾಡಿನ ರೈತನ ಮನೆಯಲ್ಲೂ ಅವನದೇ ಬೀಜದ ಒಂದು ಮಡಕೆ ಇರಲಿ.

ಸಾಂತೊ ದೊಮಿಂಗೊ ಇಗರ್ಜಿಯ ಅವಳಿ ಗೋಪುರಗಳನ್ನು ದಾಟುವಾಗ ತರುಣ ಸ್ವಲ್ಪ ಮೌನವಾಗಿದ್ದ. ಆಮೇಲೆ ತಾನಾಗಿಯೇ ಹೇಳಿದ. ಈ ಬೀದಿಯ ಮನೆಗಳಲ್ಲಿ ಮೊದಲು ಸಂಸಾರಗಳಿದ್ದವು. ಈಗ ಬಹಳಷ್ಟು ಮನೆಗಳು ಪ್ರವಾಸಿಗರಿಗೆ ದಿನಬಾಡಿಗೆಗೆ ಹೋಗುತ್ತವೆ. ಅವನ ಗೆಳೆಯರು ಊರಂಚಿಗೆ ಹೋಗಿದ್ದಾರೆ. ಅಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ. ದುಡ್ಡಿದ್ದವರು ಟ್ಯಾಂಕರ್ ತರಿಸುತ್ತಾರೆ. 'ನೀವು ಬರುವುದು ನನಗೆ ಅನ್ನ, ನೀವು ಬರುವುದರಿಂದಲೇ ಬಾಡಿಗೆ ಏರುತ್ತದೆ. ಎರಡೂ ನಿಜ' ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ, ತಾಯೇ, ನಿನ್ನಲ್ಲಿ ಬೇಡುವುದಷ್ಟೇ ಇದೆ. ನಮ್ಮನ್ನು ಕರೆದೊಯ್ಯುವವನಿಗೆ ಅವನ ಊರಿನಲ್ಲೇ ಒಂದು ಬಾಗಿಲು ಇರಲಿ. ಇಲ್ಲಿಯ ಆಳುವವರಿಗೆ ನೀರನ್ನು ಸಮನಾಗಿ ಹಂಚುವ ಬುದ್ಧಿ ಬರಲಿ. ನನ್ನಂಥವರು ರಾತ್ರಿ ತಂಗುವಾಗ ಒಂದು ಸಂಸಾರವನ್ನು ಎಬ್ಬಿಸಿದ ಜಾಗದಲ್ಲಿ ತಂಗದಿರಲಿ. ನಮ್ಮ ದುಡ್ಡು ಅಡ್ಡದಾರಿ ಹಿಡಿಯದೆ ಒಲೆಯ ಮುಂದಿದ್ದವರ ಕೈಗೇ ಹೋಗಲಿ.

ಕೊನೆಯ ಒಲೆ ಹೊತ್ತಿದ್ದು ರಾತ್ರಿ ಒಂಬತ್ತರ ಮೇಲೆ. ತ್ಲಾಯುದಾ ರಾತ್ರಿಯ ಊಟ. ಒಂದಡಿಗೂ ಅಗಲವಾದ ತೆಳುರೊಟ್ಟಿ, ಹೆಂಚಿನ ಮೇಲೆ ತೇವ ಆರುವವರೆಗೆ ಬಿಟ್ಟದ್ದು. ನಮ್ಮ ಬಡಗಣ ಸೀಮೆಯ ಕಟಕ ರೊಟ್ಟಿಯ ಹಾಗೆ ದಿನಗಟ್ಟಲೆ ಕೆಡದೆ ಉಳಿಯುತ್ತದೆ. ಈ ಕಣಿವೆಗಳ ಬೊಲೀತಾ ಎಂಬ ನಾಟಿ ಮೆಕ್ಕೆಜೋಳದಿಂದ ಮಾಡಿದ್ದೇ ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ಒಲೆಯ ಮುಂದಿದ್ದಾಕೆ ಅದರ ಮೇಲೆ ಬೆಣ್ಣೆಹಣ್ಣಿನ ಗಿಡದ ಎಲೆ ಹಾಕಿ ಬೇಯಿಸಿದ ಕರಿ ಬೀನ್ಸನ್ನು ಅಂಗೈ ಬೀಸಿನಲ್ಲಿ ಹರಡಿದಳು. ಕೋಸು ಉದುರಿಸಿದಳು. ನೂಲಿನುಂಡೆಯಾಗಿ ಸುತ್ತಿದ್ದ ಗಿಣ್ಣನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿದಳು. ಅರ್ಧಕ್ಕೆ ಮಡಿಸಿ ನೇರ ಕೆಂಡದ ಮೇಲಿನ ಜಾಲರಿಗೆ ಇಟ್ಟಳು. ಅಂಚು ಕಪ್ಪಾಯಿತು, ಒಳಗೆ ಗಿಣ್ಣು ಕರಗಿ ಸಿಡಿಯಿತು. ಬೆರಳ ತುದಿಯಿಂದಲೇ ತಿರುವಿದಳು, ಇಕ್ಕಳ ಮುಟ್ಟಲಿಲ್ಲ. ಗಡಿ ದಾಟಿ ಲಾಸ್ ಏಂಜಲಿಸ್ಸಿಗೆ ದುಡಿಯಲು ಹೋದ ವಹಾಕಾದವರ ಚೀಲದಲ್ಲಿ ಇಂಥ ರೊಟ್ಟಿಗಳ ಕಟ್ಟು ಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಹಣ ಬರುತ್ತದೆ. ಎಷ್ಟೋ ಮನೆಗಳು ಹೀಗೆ ನಡೆಯುತ್ತವೆ.

ಪಕ್ಕದ ಬೆಂಚಿನಲ್ಲಿ ಮೆಸ್ಕಾಲ್ ಎಂಬ ಮದ್ಯದ ಬಟ್ಟಲು ಹಿಡಿದವರೊಬ್ಬರು ಕುಡಿಯುವ ಮುನ್ನ ಎರಡು ಹನಿ ನೆಲಕ್ಕೆ ಬಿಟ್ಟರು. ನಾನು ರೊಟ್ಟಿಯ ಒಂದು ಚೂರು ಮುರಿದು ತಟ್ಟೆಯ ಬದಿಗಿಟ್ಟೆ. ಅದು ನಿನ್ನದು. ಒಲೆಯ ಮುಂದಿದ್ದಾಕೆಯ ಹಿಂದೆ, ದೀಪದ ಕೆಳಗೆ, ಹತ್ತು ಹನ್ನೆರಡು ವರ್ಷದ ಹುಡುಗಿ ಶಾಲೆಯ ಪುಸ್ತಕ ತೆರೆದು ಕೂತಿದ್ದಳು. ನಡುನಡುವೆ ಎದ್ದು ಗಿಣ್ಣಿನ ಉಂಡೆ ಬಿಡಿಸಿ ಕೊಟ್ಟು ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದಳು. ಅವಳ ಬೆರಳುಗಳಿಗೆ ಎಳೆಯ ಸಿಕ್ಕು ಬಿಡಿಸುವುದು ಆಗಲೇ ಗೊತ್ತಿತ್ತು.

ಅವಳಿಗಾಗಿ ಬೇಡುವುದು ನನಗೆ ಎಲ್ಲಕ್ಕಿಂತ ಕಷ್ಟದ್ದು, ಅನ್ನಪೂರ್ಣೆ. ಈ ಅಡುಗೆ ಉಳಿಯಲೆಂದು ಬೇಡುವಾಗ, ಅದನ್ನು ಉಳಿಸುವ ಹೊರೆಯನ್ನು ಈ ಹುಡುಗಿಯ ತಲೆಗೇ ಕಟ್ಟಿದಂತಾಗುತ್ತದೆ. ಪರಂಪರೆಯೆಂದು ನಾವು ಹೊಗಳುವುದರ ಒಳಗೆ ಬೆಳಗಿನ ಜಾವದ ಗಿರಣಿ, ಕಣ್ಣಿಗೆ ಹೊಗೆ, ಸುಟ್ಟ ಬೆರಳು, ಮಧ್ಯರಾತ್ರಿಯ ಪಾತ್ರೆ ತೊಳೆಯುವಿಕೆ ಎಲ್ಲ ಇವೆ. ತಿನ್ನಲು ಬಂದವಳು ನಾನು, ಮಾಡಲು ಉಳಿದವಳು ಅವಳು. ಹಾಗಾಗಿ ಹೀಗೆ ಬೇಡುತ್ತೇನೆ. ಅವಳ ಪುಸ್ತಕ ಮುಗಿಯಲಿ, ಅದರ ಮುಂದಿನದೂ ಸಿಗಲಿ. ಅವಳು ವೈದ್ಯೆಯಾಗಬಯಸಿದರೆ ದಾರಿ ತೆರೆ, ಪರವೂರಿಗೆ ಹೋಗಬಯಸಿದರೆ ಹೋಗಿಬರುವಷ್ಟು ಗಡಿಗಳನ್ನು ಮೆತ್ತಗೆ ಮಾಡು. ತಾಯಿಯ ಒಲೆಯ ಮುಂದೆಯೇ ಕೂರುತ್ತೇನೆಂದರೆ ಬೇರೆ ಗತಿಯಿಲ್ಲದೆ ಕೂರುವಂತಾಗದಿರಲಿ, ಆರಿಸಿಕೊಂಡು ಕೂರಲಿ. ಆ ಒಲೆಯಿಂದ ಅವಳಿಗೆ ಒಳ್ಳೆಯ ಮನೆ, ರಜೆಯ ದಿನ, ಮುಪ್ಪಿಗೆ ಆಸರೆ ದೊರೆಯುವಷ್ಟು ಬೆಲೆಯನ್ನು ನಾವು, ಅಂದರೆ ಉಣ್ಣುವವರು, ಕೊಡುವಂತಾಗಲಿ. ಕಾಳು, ಸುಣ್ಣ, ಅದನ್ನು ಅರಿತ ಕೈ, ಈ ಮೂರೂ ಒಟ್ಟಿಗೆ ಬಾಳಲಿ. ಅಷ್ಟಾಗುವಂತೆ ನನ್ನಿಂದ ಆಗಬೇಕಾದ ಪಾಲನ್ನು ನನಗೆ ವಹಿಸು, ಮಾಡಿಸಿಕೋ.